ನೆರೆ ಬಂದಾಗ ಮನೆಯಿಂದ ಮೊದಲು ಹೊರಡಬೇಕಾದವರು ಯಾರು? ಅಜ್ಜಿ, ಕೂಸು, ಎಮ್ಮೆ, ನಾಯಿ ಎಲ್ಲರನ್ನೂ ಲೆಕ್ಕಕ್ಕೆ ಹಿಡಿದ ಒಂದು ಮನೆ ಕೈಪಿಡಿ

2019ರ ಆಗಸ್ಟ್ ಮೊದಲ ವಾರ. ಕೃಷ್ಣಾ ನದಿ ದಂಡೆಯ ನಮ್ಮೂರಲ್ಲಿ ಮಧ್ಯಾಹ್ನ ಎರಡಕ್ಕೇ ಡಂಗುರ ಸಾರಿದ್ದರು. ನಮ್ಮ ಮನೆಯವರು ಹೊರಟಿದ್ದು ರಾತ್ರಿ ಹನ್ನೊಂದಕ್ಕೆ, ಅದೂ ದೋಣಿಯಲ್ಲಿ.

ನಡುವಿನ ಒಂಬತ್ತು ಗಂಟೆ ಏನಾಯ್ತು ಅಂತ ಕೇಳಿದರೆ ಉತ್ತರ ಬಹಳ ಸರಳ. ಆಯಿ, ಅಂದ್ರೆ ನಮ್ಮಪ್ಪನ ತಾಯಿ, ಜಗುಲಿ ಬಿಟ್ಟು ಏಳಲಿಲ್ಲ. "ಎಮ್ಮಿ ಬಿಟ್ಟ ನಾ ಎಲ್ಲೂ ಬರಂಗಿಲ್ಲ" ಅನ್ನೋದೊಂದೇ ಮಾತು. ಕಾಕಾ ಬೈದರು, ಕೈ ಮುಗಿದರು. ಬೆಂಗಳೂರಿನಿಂದ ನಾನು ಫೋನಲ್ಲಿ ಕಿರುಚಿದೆ. ಸಂಜೆ ಹೊತ್ತಿಗೆ ಹಳ್ಳದ ಸೇತುವೆ ಮುಳುಗಿತು. ದೋಣಿ ಬಂದಾಗ ಅದರಲ್ಲಿ ಮನುಷ್ಯರಿಗೆ ಮಾತ್ರ ಜಾಗ. ಕಾಕಾ ಕುಡುಗೋಲಿನಿಂದ ದಾವಣಿ ಕೊಯ್ದು ಎರಡು ಎಮ್ಮೆ, ಒಂದು ಕರುವನ್ನು ಕತ್ತಲಲ್ಲಿ ಬಿಟ್ಟು ಬಂದರು. ನೀರಿಳಿದ ಮೇಲೆ ಒಂದು ಎಮ್ಮೆ ವಾಪಸ್ ಬಂತು. ಇನ್ನೊಂದೂ ಕರುವೂ ಬರಲಿಲ್ಲ. ಆಯಿಯ ಬಿಪಿ, ಶುಗರ್ ಮಾತ್ರೆಗಳು ಗೋಡೆಯ ಗೂಡಲ್ಲೇ ಉಳಿದವು. ಗಂಜಿ ಕೇಂದ್ರದಲ್ಲಿ ನಾಲ್ಕು ದಿನ ಅವರು ಮಾತ್ರೆ ಇಲ್ಲದೇ ಇದ್ದರು.

ತಪ್ಪು ಆಯಿಯ ಹಟದ್ದು ಅಂತ ನಾನು ಬಹಳ ದಿನ ಅಂದುಕೊಂಡಿದ್ದೆ. ಈಗ ಹಾಗನ್ನಿಸಲ್ಲ. ಎಂಜಿನಿಯರಿಂಗ್ ಓದುವಾಗ ಒಂದು ಪಾಠ ಇತ್ತು: ಸಾಲಾಗಿ ಹತ್ತು ಯಂತ್ರ ಇರೋ ಕಾರ್ಖಾನೆಯಲ್ಲಿ ಉತ್ಪಾದನೆಯ ವೇಗ ನಿರ್ಧಾರ ಆಗೋದು ಅತ್ಯಂತ ನಿಧಾನದ ಯಂತ್ರದಿಂದ. ಉಳಿದ ಒಂಬತ್ತು ಎಷ್ಟೇ ಜೋರಾಗಿ ಓಡಿದರೂ ಲಾಭ ಇಲ್ಲ. ಮನೆ ಖಾಲಿ ಮಾಡೋದೂ ಇದೇ ಲೆಕ್ಕ. ನಮ್ಮ ಮನೆಯಲ್ಲಿ ಯೋಜನೆ ಅಂತ ಏನಾದರೂ ಇದ್ದಿದ್ದರೆ ಅದು ಬೈಕ್ ಇದ್ದ, ಕೈಕಾಲು ಗಟ್ಟಿ ಇದ್ದವರ ಯೋಜನೆ. ಮಂಡಿ ನೋವಿನ ಆಯಿ, ಏಳು ತಿಂಗಳ ಬಸುರಿ ನಾದಿನಿ, ಎರಡು ಎಮ್ಮೆ, ಒಂದು ನಾಯಿ ಆ ಲೆಕ್ಕದಲ್ಲಿ ಇರಲೇ ಇಲ್ಲ. ಆಯಿ ಹಟ ಮಾಡಿದ್ದು ನಿಜ. ಆದರೆ ಎಮ್ಮೆಗಳು ಮಧ್ಯಾಹ್ನವೇ ಎತ್ತರದ ಊರಿಗೆ ಹೊರಟಿದ್ದರೆ ಹಟಕ್ಕೆ ಕಾರಣವೇ ಇರ್ತಿರಲಿಲ್ಲ.

ಹಾಗಾಗಿ ಈ ಕೈಪಿಡಿಯ ಸೂತ್ರ ಒಂದೇ: ಮನೆಯ ವೇಗ ಅಂದ್ರೆ ಆ ಮನೆಯ ಅತಿ ನಿಧಾನದ ಸದಸ್ಯರ ವೇಗ. ಯೋಜನೆ ಶುರುವಾಗಬೇಕಾದ್ದು ಅವರಿಂದ.

ನಿಮಗೆ ಸಿಗೋ ಸಮಯ ಎಷ್ಟು?

ಎಲ್ಲ ವಿಪತ್ತುಗಳೂ ಒಂದೇ ಥರ ಬರಲ್ಲ. ಮೊದಲು ಗೊತ್ತು ಮಾಡ್ಕೊಬೇಕಾದ್ದು, ನಿಮ್ಮ ಜಾಗದಲ್ಲಿ ಅಪಾಯ ಎಷ್ಟು ಮುಂಚೆ ಸೂಚನೆ ಕೊಡುತ್ತೆ ಅನ್ನೋದು.

*ದೊಡ್ಡ ನದಿ ದಂಡೆ.* ಕೃಷ್ಣಾ, ಘಟಪ್ರಭಾ, ಮಲಪ್ರಭಾ, ಭೀಮಾ ತೀರದವರಿಗೆ ಸಾಮಾನ್ಯವಾಗಿ ಹಲವು ಗಂಟೆಗಳ, ಕೆಲವೊಮ್ಮೆ ಒಂದೆರಡು ದಿನಗಳ ಸೂಚನೆ ಸಿಗುತ್ತೆ. ಮಹಾರಾಷ್ಟ್ರದ ಘಟ್ಟದಲ್ಲಿ ಸುರಿದ ಮಳೆ, ಕೊಯ್ನಾ ಜಲಾಶಯದ ಹೊರಹರಿವು, ರಾಜಾಪುರ ಬ್ಯಾರೇಜ್‌ನಿಂದ ಬಿಟ್ಟ ಕ್ಯುಸೆಕ್ ಲೆಕ್ಕ ಇವೆಲ್ಲ ಸುದ್ದಿಯಲ್ಲಿ ಬರ್ತಾವೆ. ಘಟಪ್ರಭಾ ಕಡೆಯವರು ಹಿಡಕಲ್ ಜಲಾಶಯವನ್ನೂ, ಮಲಪ್ರಭಾ ಕಡೆಯವರು ನವಿಲುತೀರ್ಥ ಜಲಾಶಯವನ್ನೂ ಗಮನಿಸಬೇಕು. 2019ರಲ್ಲಿ ರಾಜ್ಯದ 22 ಜಿಲ್ಲೆಗಳು ನೆರೆಗೆ ಸಿಕ್ಕವು. ಬೆಳಗಾವಿಗೆ ಬಿದ್ದ ಪೆಟ್ಟು ಎಲ್ಲಕ್ಕಿಂತ ದೊಡ್ಡದು. ಇಲ್ಲಿ ಸಮಯ ಇರುತ್ತೆ, ಅದನ್ನು ಕಳ್ಕೊಳ್ಳೋದು ನಾವೇ.

*ಗುಡ್ಡದ ಬುಡ, ಬರೆ ಅಂಚು.* ಕೊಡಗು, ಚಿಕ್ಕಮಗಳೂರು, ಉತ್ತರ ಕನ್ನಡ, ದಕ್ಷಿಣ ಕನ್ನಡದ ಇಳಿಜಾರುಗಳಲ್ಲಿ ಸಿಗೋದು ನಿಮಿಷಗಳು, ಕೆಲವೊಮ್ಮೆ ಅದೂ ಇಲ್ಲ. 2018ರ ಆಗಸ್ಟ್‌ನಲ್ಲಿ ಕೊಡಗಿನ ಮಕ್ಕಂದೂರು, ಮದೆನಾಡು, ಜೋಡುಪಾಲ ಭಾಗದಲ್ಲಿ, 2024ರ ಜುಲೈ 16ರಂದು ಅಂಕೋಲಾದ ಶಿರೂರಿನಲ್ಲಿ ಆದದ್ದು ಇದೇ. ಗುಡ್ಡ ಜಾರೋಕೆ ಶುರುವಾದ ಮೇಲೆ ಅಜ್ಜಿಯನ್ನು ಎಬ್ಬಿಸಿ ಕರ್ಕೊಂಡು ಹೋಗ್ತೀವಿ ಅನ್ನೋದು ಯೋಜನೆಯೇ ಅಲ್ಲ. ಕುಸಿತಕ್ಕೆ ಮುಂಚೆ ಕಾಣಿಸಬಹುದಾದ ಗುರುತುಗಳು ಗೊತ್ತಿರಲಿ: ಅಂಗಳದಲ್ಲೋ ಮನೆ ಹಿಂದಿನ ಬರೆಯಲ್ಲೋ ಹೊಸ ಬಿರುಕು, ಮರ ಅಥವಾ ಕಂಬ ವಾಲೋದು, ಬಾಗಿಲು ಕಿಟಕಿ ಇದ್ದಕ್ಕಿದ್ದಂತೆ ಬಿಗಿಯಾಗೋದು, ತಿಳಿಯಾಗಿದ್ದ ಒರತೆ ನೀರು ಕೆಂಪಾಗೋದು, ಜೋರು ಮಳೆಯಲ್ಲೇ ತೋಡಿನ ನೀರು ಒಮ್ಮೆಲೇ ಕಡಿಮೆಯಾಗೋದು. ಇವುಗಳಲ್ಲಿ ಒಂದು ಕಂಡರೂ ಆ ರಾತ್ರಿ ಅಲ್ಲಿ ಮಲಗಬೇಡಿ.

*ನಗರದ ತಗ್ಗು ಪ್ರದೇಶ.* 2022ರ ಸೆಪ್ಟೆಂಬರ್‌ನಲ್ಲಿ ಬೆಂಗಳೂರಿನ ಬೆಳ್ಳಂದೂರು ಸುತ್ತಮುತ್ತ ಜನರನ್ನು ಟ್ರ್ಯಾಕ್ಟರ್, ದೋಣಿಗಳಲ್ಲಿ ಸಾಗಿಸಿದ್ದು ನೆನಪಿರಬಹುದು. ಇಲ್ಲಿ ಪ್ರಾಣಕ್ಕಿಂತ ಮೊದಲು ಕೈಕೊಡೋದು ಕರೆಂಟ್, ಲಿಫ್ಟ್, ಕುಡಿಯೋ ನೀರು. ಎಂಟನೇ ಮಹಡಿಯಲ್ಲಿ ವೀಲ್‌ಚೇರ್‌ನಲ್ಲಿರೋ ಅಪ್ಪ ಇದ್ದರೆ, ನೆರೆ ನೆಲಮಹಡಿಯಲ್ಲೇ ನಿಂತರೂ ಅವರು ಬಂಧಿಯೇ.

ಎಚ್ಚರಿಕೆಯ ಬಣ್ಣಗಳ ಅರ್ಥ

ಹವಾಮಾನ ಇಲಾಖೆಯ ಲೆಕ್ಕದಲ್ಲಿ 24 ಗಂಟೆಗಳಲ್ಲಿ 64.5 ಮಿಲಿಮೀಟರ್‌ನಿಂದ 115.5ರವರೆಗೆ ಭಾರೀ ಮಳೆ, 115.6ರಿಂದ 204.4ರವರೆಗೆ ಅತಿ ಭಾರೀ ಮಳೆ, ಅದಕ್ಕೂ ಮೇಲೆ ಹೋದರೆ ಅತ್ಯಂತ ಭಾರೀ ಮಳೆ. ಹಳದಿ ಅಂದ್ರೆ ಗಮನದಲ್ಲಿಡಿ, ಕಿತ್ತಳೆ ಅಂದ್ರೆ ಸಿದ್ಧರಾಗಿ, ಕೆಂಪು ಅಂದ್ರೆ ಕ್ರಮ ಕೈಗೊಳ್ಳಿ.

ಈ ಭಾಷೆ ಓಡಬಲ್ಲವರಿಗೆ ಸರಿ. ಓಡಲಾಗದವರು ಇರೋ ಮನೆಯಲ್ಲಿ ಎಲ್ಲವನ್ನೂ ಒಂದು ಹೆಜ್ಜೆ ಮುಂಚೆ ಮಾಡಬೇಕು. ಕೆಂಪು ಬಣ್ಣ ಬಂದ ಮೇಲೆ ಹೊರಡೋಣ ಅಂದ್ರೆ ನಿಧಾನದವರಿಗೆ ಅದು ತಡ.

ಒಂದು ಎಚ್ಚರ: ಈ ಬಣ್ಣಗಳು ಇಡೀ ಜಿಲ್ಲೆಗೆ ಅನ್ವಯ. ಪ್ರತಿ ಕಿತ್ತಳೆಗೂ ಪ್ರತಿ ಮನೆ ಖಾಲಿ ಮಾಡಬೇಕಿಲ್ಲ. ಅದರ ಜೊತೆ ನಿಮ್ಮೂರಿನ ಒಂದು ಸ್ಥಳೀಯ ಗುರುತು ಸೇರಿಸಿಕೊಳ್ಳಿ. ಚಿಕ್ಕೋಡಿ ಕಡೆ ಜನ "ಕಲ್ಲೋಳ-ಯಡೂರು ಸೇತುವೆ ಮುಳುಗ್ತಂತ" ಅನ್ನೋದನ್ನೇ ಅಳತೆಗೋಲು ಮಾಡ್ಕೊಂಡಿದ್ದಾರೆ. ನಿಮ್ಮೂರಲ್ಲಿ ಅದು ದೇವಸ್ಥಾನದ ಮೆಟ್ಟಿಲಿರಬಹುದು, ಹಳ್ಳದ ಕಿರುಸೇತುವೆ ಇರಬಹುದು, ರಾಜಕಾಲುವೆಯ ತಡೆಗೋಡೆ ಇರಬಹುದು.

ಹೊರಡೋ ಗಂಟೆ: ಹಿಂದಿನಿಂದ ಎಣಿಸಿ

ಒಂದು ಉದಾಹರಣೆ. ಊರಿಂದ ಹೊರಗೆ ಹೋಗೋ ರಸ್ತೆ ಸಂಜೆ 6ಕ್ಕೆ ಮುಳುಗುತ್ತೆ ಅಂತ ಅಂದಾಜು. ಎಮ್ಮೆಗಳನ್ನು ಐದು ಕಿಲೋಮೀಟರ್ ದೂರದ ಎತ್ತರದ ಊರಿಗೆ ಹೊಡ್ಕೊಂಡು ಹೋಗಬೇಕು. ಕರು ಜೊತೆಗಿದ್ದರೆ ಮಳೆಯಲ್ಲಿ ಗಂಟೆಗೆ ಎರಡೂವರೆ ಕಿಲೋಮೀಟರ್ ಅಂತಿಟ್ಟುಕೊಳ್ಳಿ, ಎರಡು ಗಂಟೆ. ಬಿಚ್ಚಿ, ಮೇವು ಕಟ್ಟಿ ಹೊರಡೋಕೆ ಅರ್ಧ ಗಂಟೆ. ಒಟ್ಟು ಎರಡೂವರೆ. ಮಳೆ, ಕೆಸರು, ಗಾಬರಿ ಇದ್ದಾಗ ಎಲ್ಲದಕ್ಕೂ ದುಪ್ಪಟ್ಟು ಹಿಡೀತದೆ, ಹಾಗಾಗಿ ಐದು ಗಂಟೆ ಇಟ್ಟುಕೊಳ್ಳಿ. ಅಂದ್ರೆ ಮಧ್ಯಾಹ್ನ 1ಕ್ಕೆ ಎಮ್ಮೆ ದಾರಿ ಹಿಡಿದಿರಬೇಕು.

ಅದೇ ಮನೆಯಲ್ಲಿ ಬೈಕ್ ಇರೋ ಹುಡುಗ 5.30ಕ್ಕೆ ಹೊರಟರೂ ಪಾರಾಗ್ತಾನೆ. 1 ಗಂಟೆಗೂ 5.30ಕ್ಕೂ ನಡುವಿನ ನಾಲ್ಕೂವರೆ ಗಂಟೆ ಇದೆಯಲ್ಲ, ಜನ ಸಿಕ್ಕಿಹಾಕಿಕೊಳ್ಳೋದು ಅಲ್ಲೇ. "ಇನ್ನೂ ಟೈಮ್ ಇದೆ" ಅನ್ನೋ ಮಾತು ಹೇಳೋನು ಯಾವಾಗಲೂ ಬೈಕ್ ಇರೋನೇ.

ನಿಮ್ಮ ಮನೆಗೂ ಹೀಗೆ ಲೆಕ್ಕ ಹಾಕಿ. ಆಮೇಲೆ ಮೂರು ಹಂತ ಮಾಡಿ, ಕ್ಯಾಲೆಂಡರ್ ಹಿಂಬದಿ ಬರೆದಿಡಿ:

- ಮೊದಲ ಹಂತ, ಹಳದಿ ಎಚ್ಚರಿಕೆ ಅಥವಾ ಜಲಾಶಯದಿಂದ ನೀರು ಬಿಟ್ಟ ಸುದ್ದಿ: ಚೀಲ ತುಂಬಿ. ಮಾತ್ರೆ ಎಣಿಸಿ. ಫೋನ್, ಪವರ್ ಬ್ಯಾಂಕ್ ಚಾರ್ಜ್ ಮಾಡಿ. ಗಾಡಿಗೆ ಪೆಟ್ರೋಲ್ ಹಾಕಿಸಿ. ಹೋಗೋ ಮನೆಗೆ ಫೋನ್ ಮಾಡಿ ಹೇಳಿ.
- ಎರಡನೇ ಹಂತ, ಕಿತ್ತಳೆ ಎಚ್ಚರಿಕೆ ಮತ್ತು ಸ್ಥಳೀಯ ಗುರುತು ಎರಡೂ: ನಿಧಾನದವರು ಹೊರಡಲಿ. ದನ, ಹಿರಿಯರು, ಗರ್ಭಿಣಿ, ಬಾಣಂತಿ, ಕೂಸು, ಹಾಸಿಗೆ ಹಿಡಿದವರು. ಹಗಲು ಬೆಳಕಿದ್ದಾಗಲೇ.
- ಮೂರನೇ ಹಂತ, ಕೆಂಪು ಎಚ್ಚರಿಕೆ ಅಥವಾ ಆಡಳಿತದ ಸೂಚನೆ: ಮನೆಯಲ್ಲಿ ಯಾರೂ ಇರಬಾರದು. ಸಾಮಾನು ಕಾಯೋಕೆ ಅಂತ ಒಬ್ಬರೂ ಉಳಿಯಬಾರದು.

ಪ್ರತಿ ನಿಧಾನದ ಸದಸ್ಯರ ಹೆಸರಿನ ಮುಂದೆ ಇನ್ನೊಂದು ಹೆಸರಿರಲಿ: ಅವರ ಜವಾಬ್ದಾರಿ ಯಾರದ್ದು? ಆ ವ್ಯಕ್ತಿ ಊರಲ್ಲಿಲ್ಲದಿದ್ದರೆ ಯಾರು? ನನ್ನ ಹಾಗೆ ಬೆಂಗಳೂರಲ್ಲಿ ಕೂತಿರೋ ಮೊಮ್ಮಗ ಈ ಪಟ್ಟಿಯಲ್ಲಿ ಬರಬಾರದು. ನಡ್ಕೊಂಡು ಐದು ನಿಮಿಷದಲ್ಲಿ ಮನೆ ತಲುಪೋ ಪಕ್ಕದ ಮನೆಯವರು ಬರಬೇಕು.

ಹಿರಿಯರು ಮತ್ತು ಔಷಧ

ಗಂಜಿ ಕೇಂದ್ರಗಳಿಗೆ ಈಗ ಕಾಳಜಿ ಕೇಂದ್ರ ಅಂತ ಹೆಸರು. ಅಲ್ಲಿ ಅನ್ನ ಸಿಗುತ್ತೆ, ಹಾಸಿಗೆ ಸಿಗುತ್ತೆ. ನಿಮ್ಮ ತಂದೆಯ ಅದೇ ಮಾತ್ರೆ, ಅದೇ ಪ್ರಮಾಣದಲ್ಲಿ, ಮೊದಲ ದಿನವೇ ಸಿಗುತ್ತೆ ಅಂತ ನಂಬಬೇಡಿ.

- ಕನಿಷ್ಠ 7 ದಿನದ, ಸಾಧ್ಯವಾದರೆ 14 ದಿನದ ಮಾತ್ರೆ ಜಿಪ್ ಕವರ್‌ನಲ್ಲಿ ಪ್ರತ್ಯೇಕ ಇರಲಿ. ತಿಂಗಳಿಗೊಮ್ಮೆ ಹೊಸ ಮಾತ್ರೆ ತಂದಾಗ ಹಳೇದನ್ನು ಬಳಸಿ, ಹೊಸದನ್ನು ಚೀಲಕ್ಕೆ ಹಾಕಿ. ಆಗ ಅವಧಿ ಮುಗಿಯಲ್ಲ.
- ವೈದ್ಯರ ಚೀಟಿಯ ಫೋಟೊ ಮನೆಯ ಇಬ್ಬರ ಫೋನಲ್ಲಿ ಇರಲಿ. ಮಾತ್ರೆಯ ಹಾಳೆಯ ಹಿಂಬದಿಯ ಹೆಸರೂ ಸ್ಪಷ್ಟವಾಗಿ ಕಾಣೋ ಹಾಗೆ ಒಂದು ಫೋಟೊ ತೆಗೆದಿಡಿ.
- ಇನ್ಸುಲಿನ್ ತಗೊಳ್ಳೋರಿದ್ದರೆ: ಬಳಕೆಗೆ ತೆರೆದ ಬಹುತೇಕ ಇನ್ಸುಲಿನ್‌ಗಳು 30 ಡಿಗ್ರಿಯೊಳಗೆ ಸುಮಾರು 4 ವಾರ ಹಾಳಾಗಲ್ಲ, ನಿಮ್ಮ ಡಬ್ಬಿಯ ಮೇಲೆ ಬರೆದಿರೋದೇ ಅಂತಿಮ. ಫ್ರಿಜ್ ಇಲ್ಲದಿದ್ದಾಗ ಒದ್ದೆ ಬಟ್ಟೆ ಸುತ್ತಿದ ಮಣ್ಣಿನ ಮಡಕೆಯೊಳಗೆ, ನೀರು ತಾಗದಂತೆ ಡಬ್ಬಿಯಲ್ಲಿಟ್ಟರೆ ತಂಪಾಗಿರುತ್ತೆ. ಐಸ್‌ಗೆ ನೇರ ತಾಗಿಸಬೇಡಿ, ಹೆಪ್ಪುಗಟ್ಟಿದ ಇನ್ಸುಲಿನ್ ಕೆಲಸಕ್ಕೆ ಬರಲ್ಲ.
- ಕನ್ನಡಕ, ಹಲ್ಲಿನ ಸೆಟ್, ಕಿವಿ ಯಂತ್ರದ ಬ್ಯಾಟರಿ, ಕೋಲು. ನಾವು ಇವನ್ನು ಮರೀತೀವಿ, ಅವರಿಗೆ ಇವಿಲ್ಲದೆ ದಿನ ಹೋಗಲ್ಲ.
- ಮರೆವಿನ ಕಾಯಿಲೆ ಇರೋರ ಜೇಬಲ್ಲಿ ಹೆಸರು, ಊರು, ಎರಡು ಫೋನ್ ನಂಬರ್ ಬರೆದ ಚೀಟಿ ಇರಲಿ. ಹೊಸ ಜಾಗದಲ್ಲಿ ರಾತ್ರಿ ಎದ್ದು ಮನೆಗೆ ಹೋಗ್ತೀನಿ ಅಂತ ಹೊರಡೋದು ಸಾಮಾನ್ಯ. ಅವರು ದಿನಾ ಹೊದೆಯೋ ಶಾಲು, ತಲೆದಿಂಬು ಜೊತೆಗೇ ತನ್ನಿ.

ಹಿರಿಯರು ಹೊರಡಲ್ಲ ಅಂದ್ರೆ ಬೈಯೋ ಮುಂಚೆ ಕಾರಣ ಕೇಳಿ. ಬಹಳ ಸಲ ಕಾರಣ ತುಂಬಾ ನಿರ್ದಿಷ್ಟವಾಗಿರುತ್ತೆ: ದನ, ದೇವರ ಪೆಟ್ಟಿಗೆ, ಹೊಲದ ಪತ್ರ, ಅಥವಾ ಹತ್ತು ಜನರೆದುರು ಶೌಚಾಲಯಕ್ಕೆ ಹೋಗೋ ಸಂಕೋಚ. ಇವುಗಳಲ್ಲಿ ಪ್ರತಿಯೊಂದಕ್ಕೂ ಮಳೆಗಾಲಕ್ಕೆ ಮುಂಚೆ ಪರಿಹಾರ ಇದೆ. ನೀರು ಅಂಗಳಕ್ಕೆ ಬಂದ ಮೇಲೆ ಯಾವುದಕ್ಕೂ ಇಲ್ಲ.

ಗರ್ಭಿಣಿ, ಬಾಣಂತಿ, ಕೂಸು

ಮಳೆಗಾಲದಲ್ಲಿ ಹೆರಿಗೆ ದಿನ ಬರೋದಿದ್ದರೆ, ರಸ್ತೆ ಕಡಿದುಹೋಗೋ ಊರಿನವರು ಎಂಟನೇ ತಿಂಗಳಲ್ಲೇ ಆಸ್ಪತ್ರೆ ಹತ್ತಿರದ ನೆಂಟರ ಮನೆಗೆ ಹೋಗೋದು ಒಳ್ಳೇದು. ತಾಯಿ ಕಾರ್ಡ್ ಯಾವಾಗಲೂ ಚೀಲದಲ್ಲೇ ಇರಲಿ, ಅದರಲ್ಲಿ ತಪಾಸಣೆಯ ಪೂರ್ತಿ ವಿವರ ಇರುತ್ತೆ. ಆಶಾ ಕಾರ್ಯಕರ್ತೆಗೆ ನೀವು ಎಲ್ಲಿಗೆ ಹೋಗ್ತಿದೀರಿ ಅಂತ ಹೇಳಿ ಹೋಗಿ.

ಹಾಲೂಡಿಸೋ ತಾಯಂದಿರು ಏನೇ ಆದರೂ ಹಾಲು ಬಿಡಿಸಬಾರದು. ಕೇಂದ್ರದಲ್ಲಿ ಯಾರಾದರೂ ಪುಡಿ ಹಾಲು ದಾನ ಕೊಟ್ಟರೂ, ಅದನ್ನು ಕಲಸೋ ನೀರು, ಬಾಟಲಿ ಶುದ್ಧವಿಲ್ಲದಿದ್ದರೆ ಕೂಸಿಗೆ ಭೇದಿ ಗ್ಯಾರಂಟಿ. ಓಆರ್‌ಎಸ್ ಪೊಟ್ಟಣ ಚೀಲದಲ್ಲಿರಲಿ. ಇಲ್ಲದಿದ್ದರೆ ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ಚಮಚ ಮಟ್ಟಸವಾಗಿರಲಿ, ಉಪ್ಪು ಜಾಸ್ತಿಯಾದರೆ ಅಪಾಯ.

ಅಂಗವಿಕಲರು, ಯಂತ್ರ ಅವಲಂಬಿಸಿದವರು

ಕಿವಿ ಕೇಳದವರಿಗೆ ಡಂಗುರ, ಸೈರನ್ ತಲುಪಲ್ಲ. ಕಣ್ಣು ಕಾಣದವರಿಗೆ ಫೋನಿನ ಬಣ್ಣದ ನಕ್ಷೆ ಪ್ರಯೋಜನ ಇಲ್ಲ. ಅವರಿಗೆ ಯಾರು, ಹೇಗೆ ತಿಳಿಸ್ತಾರೆ ಅನ್ನೋದು ಮೊದಲೇ ಗೊತ್ತಿರಲಿ. ಆಟಿಸಂ ಇರೋ ಮಕ್ಕಳಿಗೆ ಗದ್ದಲದ ಕೇಂದ್ರ ನರಕ. ಸಾಧ್ಯವಾದಷ್ಟು ನೆಂಟರ ಮನೆಯನ್ನೇ ಮೊದಲ ಆಯ್ಕೆ ಮಾಡ್ಕೊಳ್ಳಿ. ಅವರ ಇಷ್ಟದ ಆಟಿಕೆ, ಕಿವಿ ಮುಚ್ಚೋ ಹೆಡ್‌ಫೋನ್ ಚೀಲದಲ್ಲಿರಲಿ.

ಮನೆಯಲ್ಲಿ ಆಮ್ಲಜನಕ ಕಾನ್ಸಂಟ್ರೇಟರ್ ಇದ್ದರೆ ಈ ಲೆಕ್ಕ ಮಾಡಿ. 5 ಲೀಟರ್ ಯಂತ್ರ ಸುಮಾರು 350 ವ್ಯಾಟ್ ಎಳೆಯುತ್ತೆ. ಮಾಮೂಲಿ 12 ವೋಲ್ಟ್, 150 ಆಂಪಿಯರ್-ಅವರ್ ಇನ್ವರ್ಟರ್ ಬ್ಯಾಟರಿಯಲ್ಲಿ ಕಾಗದದ ಮೇಲೆ 1,800 ವ್ಯಾಟ್-ಅವರ್ ಇರುತ್ತೆ. ನಷ್ಟ, ಬ್ಯಾಟರಿಯ ವಯಸ್ಸು ಕಳೆದರೆ ಕೈಗೆ ಸಿಗೋದು 1,200 ಆಸುಪಾಸು. ಅಂದ್ರೆ ಮೂರೂವರೆ ಗಂಟೆಯೊಳಗೆ ಖಾಲಿ. "ನಮ್ಮನೇಲಿ ಯುಪಿಎಸ್ ಇದೆ" ಅನ್ನೋ ಧೈರ್ಯದ ಆಯುಷ್ಯ ಅಷ್ಟೇ. ಕರೆಂಟ್ ಹೋಗೋ ಸಾಧ್ಯತೆ ಕಂಡ ಕೂಡಲೇ ಸಿಲಿಂಡರ್ ತರಿಸಿಟ್ಟುಕೊಳ್ಳಿ, ಇಲ್ಲವೇ ಆಸ್ಪತ್ರೆ ಹತ್ತಿರಕ್ಕೆ ಹೋಗಿ. ಡಯಾಲಿಸಿಸ್‌ನಲ್ಲಿ ಇರೋರು ಪರ್ಯಾಯ ಕೇಂದ್ರ ಯಾವುದು, ಒಂದು ಸರದಿ ತಪ್ಪಿದರೆ ಊಟ ನೀರು ಹೇಗೆ ಅಂತ ವೈದ್ಯರನ್ನು ಮಳೆಗಾಲಕ್ಕೆ ಮುಂಚೆಯೇ ಕೇಳಿಟ್ಟುಕೊಳ್ಳಿ.

ದನ, ನಾಯಿ, ಬೆಕ್ಕು

ಪ್ರಾಣಿಗಳ ಮಾತು ಬಂದ ಕೂಡಲೇ "ಮೊದಲು ಮನುಷ್ಯರನ್ನ ನೋಡಪ್ಪಾ" ಅನ್ನೋರು ಇರ್ತಾರೆ. ಆದರೆ ಪ್ರಾಣಿ ಬಿಟ್ಟು ಬರಲ್ಲ ಅಂತ ಉಳಿಯೋದೂ ಮನುಷ್ಯರೇ, ಬಿಟ್ಟು ಬಂದ ಪ್ರಾಣಿಗಾಗಿ ರಾತ್ರಿ ವಾಪಸ್ ಹೋಗಿ ಕೊಚ್ಚಿಹೋಗೋದೂ ಮನುಷ್ಯರೇ. 2005ರ ಕತ್ರೀನಾ ಚಂಡಮಾರುತದಲ್ಲಿ ಸಾಕುಪ್ರಾಣಿ ಬಿಡಲಾರದೆ ಬಹಳ ಜನ ಮನೆಯಲ್ಲೇ ಉಳಿದರು. ಮರುವರ್ಷವೇ ಅಮೆರಿಕ, ತುರ್ತು ಯೋಜನೆಗಳಲ್ಲಿ ಸಾಕುಪ್ರಾಣಿಗಳನ್ನೂ ಸೇರಿಸಬೇಕು ಅಂತ ಕಾನೂನು ತಂದಿತು. ನಮ್ಮ ಹಳ್ಳಿಗಳಲ್ಲಿ ಎಮ್ಮೆ ಅಂದ್ರೆ ಬರೀ ಪ್ರೀತಿಯಲ್ಲ, ಮನೆಯ ವಾರದ ಸಂತೆ ಖರ್ಚು.

- ದನಗಳಿಗೆ ಎತ್ತರದ ಜಾಗ ಮೊದಲೇ ಗೊತ್ತು ಮಾಡಿ. ಯಾರ ಹೊಲ, ಯಾರ ಕೊಟ್ಟಿಗೆ, ಮೇವು ಎಲ್ಲಿಂದ. ಎರಡು ಮೂರು ಮನೆಯವರು ಸೇರಿ ಒಬ್ಬರು ದನ ಹೊಡ್ಕೊಂಡು ಹೋದರೆ ಉಳಿದವರಿಗೆ ಕೈ ಬಿಡುವು.
- ಕಿವಿಯ 12 ಅಂಕಿಯ ಓಲೆ ಸಂಖ್ಯೆ ಬರೆದಿಡಿ. ಪ್ರತಿ ಪ್ರಾಣಿಯದ್ದೂ ಎರಡು ಬದಿಯ ಫೋಟೊ ಫೋನಲ್ಲಿರಲಿ. ಗಂಟಲು ಬೇನೆ, ಕಾಲುಬಾಯಿ ರೋಗದ ಲಸಿಕೆ ಮಳೆಗಾಲಕ್ಕೆ ಮುಂಚೆ ಹಾಕಿಸಿ.
- ಕೊನೇ ಗಳಿಗೆಯಲ್ಲಿ ಒಯ್ಯೋಕಾಗದೇ ಹೋದರೆ ಕಟ್ಟಿದ ಹಗ್ಗ, ಸರಪಳಿ ಬಿಚ್ಚಿ, ಕೊಟ್ಟಿಗೆ ಬಾಗಿಲು ತೆರೆದು ಹೋಗಿ. ಕಟ್ಟಿದ ಪ್ರಾಣಿಗೆ ಯಾವ ದಾರಿಯೂ ಇಲ್ಲ. ಬಿಟ್ಟ ಪ್ರಾಣಿ ಈಜಬಹುದು, ದಿಬ್ಬ ಹತ್ತಬಹುದು. ಹಗ್ಗ ಕೊಯ್ಯೋಕೆ ಒಂದು ಕುಡುಗೋಲು ಕೊಟ್ಟಿಗೆಯ ಗೂಟಕ್ಕೇ ನೇತು ಹಾಕಿರಲಿ.
- ನಾಯಿಗೆ ಕೊರಳ ಪಟ್ಟಿ, ಅದರ ಮೇಲೆ ಫೋನ್ ನಂಬರ್, ರೇಬಿಸ್ ಲಸಿಕೆಯ ಚೀಟಿ, ಮೂರು ದಿನದ ಊಟ, ಬಾಯಿ ಕಟ್ಟೋ ಪಟ್ಟಿ. ಹೆದರಿದ ನಾಯಿ ಮನೆಯವರನ್ನೂ ಕಚ್ಚುತ್ತೆ. ಕೇಂದ್ರದಲ್ಲಿ ನಾಯಿಯನ್ನು ಒಳಗೆ ಬಿಡ್ತಾರೆ ಅಂತ ನಂಬ್ಕೊಂಡು ಹೋಗಬೇಡಿ. ಯಾರ ಮನೆಯಲ್ಲಿ ಬಿಡೋದು ಅನ್ನೋದು ಮೊದಲೇ ತೀರ್ಮಾನ ಆಗಿರಲಿ.
- ಬೆಕ್ಕು ಗಾಬರಿಯಾದರೆ ಮಂಚದಡಿ ಸೇರುತ್ತೆ. ಎಚ್ಚರಿಕೆ ಬಂದ ಕೂಡಲೇ ಒಂದು ಕೋಣೆಯಲ್ಲಿ ಕೂಡಿಹಾಕಿ. ಮುಚ್ಚಳದ ಬುಟ್ಟಿ ಅಥವಾ ಗಾಳಿಯಾಡೋ ಗಟ್ಟಿ ಚೀಲ ಸಾಕು. ಅದರಲ್ಲಿ ಮುಂಚಿನಿಂದಲೇ ಮಲಗೋ ಅಭ್ಯಾಸ ಮಾಡಿಸಿ.

ಪಶು ಸಂಚಾರಿ ಚಿಕಿತ್ಸೆಗೆ 1962.

ಎರಡು ಥರದ ಸಿದ್ಧತೆ: ಹೊತ್ತೊಯ್ಯೋದು, ಕೂಡಿಡೋದು

ಅಂತರ್ಜಾಲದ ಪಟ್ಟಿಗಳು ಎಲ್ಲವನ್ನೂ ಒಂದೇ ಚೀಲಕ್ಕೆ ತುಂಬಿಸ್ತಾವೆ. ಒಬ್ಬರಿಗೆ ಕುಡಿಯೋಕೆ, ಅಡುಗೆಗೆ ದಿನಕ್ಕೆ 4 ಲೀಟರ್ ಅಂದ್ರೂ ಐದು ಜನಕ್ಕೆ ಮೂರು ದಿನಕ್ಕೆ 60 ಲೀಟರ್. ಅಂದ್ರೆ 60 ಕಿಲೋ. ಮಂಡಿ ನೋವಿನ ಅಜ್ಜಿಯನ್ನು ಎತ್ತಿಕೊಳ್ಳೋರು ಇದನ್ನೂ ಹೊರೋದು ಹೇಗೆ?

ಹಾಗಾಗಿ ಎರಡು ಬೇರೆ ಮಾಡಿ. ಮನೆಯಲ್ಲೇ ಉಳಿಯೋ ಪರಿಸ್ಥಿತಿಗೆ, ಅಂದ್ರೆ ನಗರದ ಮೇಲ್ಮಹಡಿಯವರಿಗೆ, ಮುಚ್ಚಳದ ಡ್ರಮ್ಮಿನಲ್ಲಿ 60 ಲೀಟರ್ ನೀರು, ಅವಲಕ್ಕಿ, ಪುರಿ, ಶೇಂಗಾ, ಬೆಲ್ಲ, ಟಾರ್ಚ್. ಹೊರಡೋ ಚೀಲ ಒಬ್ಬರಿಗೆ ಒಂದು, 5 ಕಿಲೋ ಮೀರಬಾರದು: ಒಂದು ಲೀಟರ್ ನೀರು, ಔಷಧ, ಒಣ ತಿಂಡಿ, ಒಂದು ಜೊತೆ ಬಟ್ಟೆ, ಟಾರ್ಚ್, ಸೀಟಿ, ಮುಟ್ಟಿನ ಪ್ಯಾಡ್, ಚಿಲ್ಲರೆ ನೋಟು. ಕರೆಂಟ್, ನೆಟ್‌ವರ್ಕ್ ಹೋದಾಗ ಯುಪಿಐ ನಡೆಯಲ್ಲ. 20,000 ಎಂಎಎಚ್ ಪವರ್ ಬ್ಯಾಂಕ್ ಒಂದು ಫೋನನ್ನು ಎರಡೂವರೆಯಿಂದ ಮೂರು ಸಲ ತುಂಬುತ್ತೆ, ಮನೆಗೊಂದು ಇರಲಿ.

ಕಾಗದಪತ್ರ: ಆಧಾರ್, ಪಡಿತರ ಚೀಟಿ, ಪಹಣಿ, ಬ್ಯಾಂಕ್ ಪಾಸ್‌ಬುಕ್, ಅಂಗವಿಕಲರ ಯುಡಿಐಡಿ ಕಾರ್ಡ್, ವಿಮೆ. ಡಿಜಿಲಾಕರ್‌ನಲ್ಲಿ ಸಿಗೋದನ್ನು ಹಾಕಿಡಿ, ಸಿಗದ್ದರ ಫೋಟೊ ದೂರದ ಊರಿನ ಒಬ್ಬ ನೆಂಟರಿಗೆ ಕಳಿಸಿಡಿ. ಮೂಲ ಪ್ರತಿ ಗಟ್ಟಿ ಪ್ಲಾಸ್ಟಿಕ್ ಕವರ್‌ನಲ್ಲಿ.

ಬಾಗಿಲು ಹಾಕೋ ಮುಂಚಿನ ಐದು ನಿಮಿಷ

- ಮೇನ್ ಸ್ವಿಚ್ ಆಫ್ ಮಾಡಿ. ನಿಂತ ಜಾಗಕ್ಕೆ ಆಗಲೇ ನೀರು ಬಂದಿದ್ದರೆ ಮುಟ್ಟಬೇಡಿ, ಎಸ್ಕಾಂನ 1912ಕ್ಕೆ ಫೋನ್ ಮಾಡಿ ಲೈನ್ ತೆಗೆಸಿ.
- ಗ್ಯಾಸ್ ರೆಗ್ಯುಲೇಟರ್ ಬಂದ್ ಮಾಡಿ, ಸಿಲಿಂಡರನ್ನು ಕಂಬಕ್ಕೋ ಕಿಟಕಿ ಸರಳಿಗೋ ಕಟ್ಟಿ. ತುಂಬಿದ ಸಿಲಿಂಡರ್ ಕೂಡ ನೆರೆಯಲ್ಲಿ ತೇಲುತ್ತೆ.
- ಕ್ರಿಮಿನಾಶಕ, ಗೊಬ್ಬರದ ಚೀಲ ಅಟ್ಟಕ್ಕೆ ಹಾಕಿ. ನೀರಿಗೆ ಕರಗಿದರೆ ಬಾವಿಯೂ ಹೋಯ್ತು, ದನವೂ ಹೋಯ್ತು.
- ಬಾಗಿಲ ಮೇಲೆ ಸೀಮೆಸುಣ್ಣದಲ್ಲಿ ಬರೆಯಿರಿ: ಎಲ್ಲರೂ ಹೋಗಿದ್ದೇವೆ, ಇಂಥ ಕಡೆ. ಹುಡುಕೋರ ಸಮಯ ಉಳಿಯುತ್ತೆ.

ದಾರಿಯಲ್ಲಿ ಹರಿಯೋ ನೀರಿನ ಲೆಕ್ಕ ನೆನಪಿರಲಿ. ಅರ್ಧ ಅಡಿ ರಭಸದ ನೀರು ದೊಡ್ಡವರನ್ನೂ ಬೀಳಿಸುತ್ತೆ. ಒಂದು ಅಡಿ ಸಣ್ಣ ಕಾರನ್ನು ಎತ್ತುತ್ತೆ. ಎರಡು ಅಡಿ ಬಹುತೇಕ ವಾಹನಗಳನ್ನು ಕೊಚ್ಚಿಕೊಂಡು ಹೋಗುತ್ತೆ. ಸೇತುವೆ ಮೇಲೆ ನೀರು ಬಂದಿದ್ದರೆ ಎಷ್ಟೇ ಅವಸರ ಇದ್ದರೂ ದಾಟಬೇಡಿ.

ವಾಪಸ್ ಬಂದಾಗ

ಮನೆಗೆ ಕಾಲಿಡೋ ಮುಂಚೆ ಗೋಡೆ ನೋಡಿ, ನೆನೆದ ಮಣ್ಣಿನ ಗೋಡೆ ನೀರಿಳಿದ ಮೇಲೆ ಬೀಳುತ್ತೆ. ಹಾವು ಸೇರಿರಬಹುದು, ಕೋಲಿನಿಂದ ತಟ್ಟಿ ಒಳಹೋಗಿ. ಕಚ್ಚಿದರೆ ನೇರ ಆಸ್ಪತ್ರೆ. ಗಾಯವಿರೋ ಕಾಲಲ್ಲಿ ಕೆಸರಿಗಿಳಿಯಬೇಡಿ, ಇಲಿ ಜ್ವರ ಹರಡೋದು ಹೀಗೆ. ನೀರು ಸೋಸಿ, ಚೆನ್ನಾಗಿ ಮರಳೋವರೆಗೆ ಕುದಿಸಿ ಕುಡಿಯಿರಿ.

ಗುಡಿಸೋ ಮುಂಚೆ ಫೋಟೊ ತೆಗೆಯಿರಿ. ಸತ್ತ ದನವನ್ನು ಹೂಳೋ ಮುಂಚೆ ಗ್ರಾಮ ಆಡಳಿತಾಧಿಕಾರಿ, ಪಶು ವೈದ್ಯರಿಗೆ ತಿಳಿಸಿ ಪಂಚನಾಮೆ ಮಾಡಿಸಿ. 2022-26ರ ಅವಧಿಯ ವಿಪತ್ತು ಪರಿಹಾರ ನಿಧಿ ನಿಯಮಗಳಲ್ಲಿ ಹಾಲು ಕೊಡೋ ಎಮ್ಮೆ, ಹಸುವಿಗೆ 37,500 ರೂಪಾಯಿ, ಕುರಿ ಮೇಕೆಗೆ 4,000 ರೂಪಾಯಿ ನಿಗದಿಯಾಗಿತ್ತು. ಒಂದು ಮನೆಗೆ ಹಾಲಿನ ದೊಡ್ಡ ಪ್ರಾಣಿ ಮೂರಕ್ಕೆ ಮಿತಿ. ಈ ದುಡ್ಡಿಗೆ ಒಳ್ಳೆ ಮುರ್ರಾ ಎಮ್ಮೆ ಸಂತೆಯಲ್ಲಿ ಸಿಗಲ್ಲ. ಆದರೂ ದಾಖಲೆ ಇಲ್ಲದಿದ್ದರೆ ಅದೂ ಇಲ್ಲ.

ಮನೆಯದ್ದಷ್ಟೇ ಜವಾಬ್ದಾರಿ ಅಲ್ಲ

ಇಷ್ಟೆಲ್ಲ ಓದಿ "ಎಲ್ಲಾ ನಾವೇ ಮಾಡ್ಕೊಬೇಕಾ?" ಅಂತ ಅನಿಸಿದರೆ, ಅದು ಸರಿಯಾದ ಪ್ರಶ್ನೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 8ನೇ ಸೆಕ್ಷನ್ ಸ್ಪಷ್ಟವಾಗಿ ಹೇಳುತ್ತೆ: ಜಿಲ್ಲಾ ವಿಪತ್ತು ನಿರ್ವಹಣಾ ಪ್ರಾಧಿಕಾರ ಜಿಲ್ಲೆಯ ಅಂಗವಿಕಲರ ವಿವರಗಳ ದಾಖಲೆ ಇಟ್ಟಿರಬೇಕು, ಅಪಾಯದ ಸಂದರ್ಭಗಳ ಬಗ್ಗೆ ಅವರಿಗೆ ತಿಳಿಸಲು ಕ್ರಮ ಕೈಗೊಳ್ಳಬೇಕು. ಆ ಪ್ರಾಧಿಕಾರದ ಅಧ್ಯಕ್ಷರು ಜಿಲ್ಲಾಧಿಕಾರಿ. 2019ರಲ್ಲಿ ರಾಷ್ಟ್ರೀಯ ವಿಪತ್ತು ನಿರ್ವಹಣಾ ಪ್ರಾಧಿಕಾರ ಇದೇ ವಿಷಯಕ್ಕೆ ಪ್ರತ್ಯೇಕ ಮಾರ್ಗಸೂಚಿಯನ್ನೂ ಹೊರಡಿಸಿದೆ.

ಹಾಗಾಗಿ ಮುಂದಿನ ಗ್ರಾಮಸಭೆಯಲ್ಲಿ, ವಾರ್ಡ್ ಸಭೆಯಲ್ಲಿ ಮೂರು ಪ್ರಶ್ನೆ ಕೇಳಿ. ನಮ್ಮೂರಿನ ಆ ಪಟ್ಟಿ ಎಲ್ಲಿದೆ, ಅದರಲ್ಲಿ ನಮ್ಮನೆಯವರ ಹೆಸರಿದೆಯಾ? ಕಾಳಜಿ ಕೇಂದ್ರ ಮಾಡೋ ಕಟ್ಟಡಕ್ಕೆ ಇಳಿಜಾರು ದಾರಿ, ಹೆಂಗಸರಿಗೆ ಬೇರೆ ಶೌಚಾಲಯ ಇದೆಯಾ? ದನಗಳಿಗೆ ಜಾಗ, ಮೇವು ಎಲ್ಲಿ? ಡಂಗುರ ಸಾರೋದು ಎಚ್ಚರಿಕೆ ಮಾತ್ರ. ನಡೆಯಲಾಗದವರನ್ನು ಯಾರು ಎತ್ತಿಕೊಂಡು ಹೋಗ್ತಾರೆ ಅನ್ನೋದಕ್ಕೆ ಉತ್ತರ ಇದ್ದಾಗಲೇ ಅದು ಯೋಜನೆ.

ಗೋಡೆಗೆ ಅಂಟಿಸಬೇಕಾದ ನಂಬರ್‌ಗಳು

- ತುರ್ತು ಸಹಾಯ: 112
- ಆಂಬುಲೆನ್ಸ್: 108
- ಜಿಲ್ಲಾ ವಿಪತ್ತು ನಿಯಂತ್ರಣ ಕೊಠಡಿ: 1077
- ರಾಜ್ಯ ನಿಯಂತ್ರಣ ಕೊಠಡಿ: 1070
- ವಿದ್ಯುತ್: 1912
- ಪಶು ಚಿಕಿತ್ಸೆ: 1962
- ಮಳೆ ಮಾಹಿತಿಗೆ ವರುಣಮಿತ್ರ: 92433 45433

ಫೋನಲ್ಲಿ ಎಚ್ಚರಿಕೆಗೆ ಸಚೇತ್, ಸಿಡಿಲಿಗೆ ದಾಮಿನಿ ಆ್ಯಪ್ ಹಾಕಿಕೊಳ್ಳಿ. ನಂಬರ್‌ಗಳನ್ನು ಕಾಗದದ ಮೇಲೂ ಬರೆದಿಡಿ, ಫೋನ್ ಸತ್ತಾಗ ಬೇಕಾಗೋದು ಅದೇ.

ನಮ್ಮೂರ ಮನೆಯಲ್ಲಿ ಈಗ ಕೊಟ್ಟಿಗೆಯ ಗೂಟಕ್ಕೆ ಒಂದು ಕುಡುಗೋಲು ಯಾವಾಗಲೂ ನೇತಾಡುತ್ತೆ. ಕ್ಯಾಲೆಂಡರ್ ಹಿಂದೆ ಕಾಕಾ ಬರೆದ ಪಟ್ಟಿ ಇದೆ. ಮೊದಲ ಸಾಲು ಎಮ್ಮೆ, ಎರಡನೇ ಸಾಲು ಆಯಿ. ಬರೆಯೋವಾಗ ಆಯಿಗೆ ಈ ಅನುಕ್ರಮ ಸರೀನಾ ಅಂತ ಕಾಕಾ ಕೇಳಿದ್ದರು. "ಎಮ್ಮಿ ಮುಂದ ಹೋದ್ರ ನಾ ಹಿಂದ ಬರ್ತೇನಿ" ಅಂದರಂತೆ. 2019ರಲ್ಲಿ ನಾವು ಅವರನ್ನು ಕೇಳಿದ್ದಿದ್ದರೆ ಆಗಲೂ ಇದನ್ನೇ ಹೇಳ್ತಿದ್ದರು. ಯಾರೂ ಕೇಳಿರಲಿಲ್ಲ, ಅಷ್ಟೇ.